ಹನ್ನೊಂದನೆಯ ಮೆಟ್ಟಿಲು

ಮದ್ರಾಸ್ ಐ ಬಂದು ಹೋದವರಲ್ಲಿ ಕೆಲವರಿಗೆ ಕೆಂಪು ಇಳಿದ ಮೇಲೆಯೇ ನಿಜವಾದ ಕಾಟ ಶುರುವಾಗುತ್ತದೆ. ಗೀಜು ನಿಂತಿರುತ್ತದೆ, ರೆಪ್ಪೆಯ ಬಾವು ಇಳಿದಿರುತ್ತದೆ, ಬೇರೆ ಇಟ್ಟಿದ್ದ ಟವೆಲ್ಲು ಮತ್ತೆ ಮನೆಯವರ ಟವೆಲ್ಲುಗಳ ಜೊತೆ ಸೇರಿರುತ್ತದೆ. ಅಷ್ಟರಲ್ಲಿ, ಕಾಯಿಲೆ ಹಿಡಿದ ಎರಡು ವಾರದ ಸುಮಾರಿಗೆ, ದೀಪದ ಸುತ್ತ ಬಳೆ ಕಟ್ಟುತ್ತದೆ, ಬಿಸಿಲು ಚುಚ್ಚುತ್ತದೆ, ಅಕ್ಷರ ಮಸುಕಾಗುತ್ತದೆ. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪಿನಲ್ಲಿ ನೋಡಿದರೆ ಕಾರ್ನಿಯಾದ ಮೇಲ್ಪದರದ ಅಡಿಯಲ್ಲಿ ದುಂಡನೆಯ ಬಿಳಿ ಚುಕ್ಕೆಗಳು ಕಾಣುತ್ತವೆ. ಇವು ಕೆಲವರಲ್ಲಿ ತಿಂಗಳುಗಟ್ಟಲೆ, ಇನ್ನು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಊರಲ್ಲಿ ಇದು ಸಣ್ಣ ತೊಂದರೆಯಲ್ಲ. ಮಾವಿನಕಾಯಿಯ ಸಿಪ್ಪೆ ನೋಡಿ ದರ್ಜೆ ವಿಂಗಡಿಸುವವರಿಗೆ, ರಾತ್ರಿ ಹೊತ್ತು ಟೊಮೆಟೊ ಲೋಡು ಹೊಡೆಯುವವರಿಗೆ ಕಣ್ಣಿನ ಮುಂದೆ ಮಂಜು ಕೂತರೆ ದಿನದ ಸಂಪಾದನೆಗೇ ಪೆಟ್ಟು. ಅವರಿಗೆ ಡಾಕ್ಟರು ಬರೆದುಕೊಡುವ ಹನಿಗಳಲ್ಲಿ ಈಗ ಒಂದು ವಿಚಿತ್ರ ಜಾತಿಯದು ಸೇರಿದೆ. ಅದು ವೈರಸ್ಸನ್ನು ಮುಟ್ಟುವುದಿಲ್ಲ. ವೈರಸ್ಸಿನ ವಿರುದ್ಧ ಎದ್ದ ನಮ್ಮದೇ ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತದೆ. ಧರ್ಮವನ್ನೂ ತತ್ತ್ವವನ್ನೂ ಗಂಭೀರವಾಗಿ ತೆಗೆದುಕೊಳ್ಳುವವರು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಅಡಗಿಸುವುದು ಗುಣಪಡಿಸಿದಂತೆ ಆಯಿತೇ? ನಮ್ಮನ್ನು ಕಾಯಲೆಂದೇ ಇರುವ ಶಕ್ತಿಯನ್ನು ಕಟ್ಟಿಹಾಕುವುದು ಸರಿಯೇ? ಸರಿ ಎಂಬುದು ನನ್ನ ವಾದ. ಆದರೆ ಹಾಗೆನ್ನುವ ಮೊದಲು ಆ ಶಕ್ತಿ ಕಣ್ಣಿನೊಳಗೆ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು, ಆಮೇಲೆ ಇದೇ ಸೀಮೆಯ ಹಳೆಯ ಚಿಂತನೆಯೊಂದನ್ನು ಮಾತಿಗೆ ಕರೆಯಬೇಕು.

ಕಾರ್ನಿಯಾ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಅಂಗಾಂಶ. ಅದರೊಳಗೆ ರಕ್ತನಾಳಗಳಿಲ್ಲ, ಆದ್ದರಿಂದಲೇ ಬೆಳಕು ತಡೆಯಿಲ್ಲದೆ ಒಳಗೆ ಹೋಗುತ್ತದೆ. ಮದ್ರಾಸಿನ ಕಣ್ಣಾಸ್ಪತ್ರೆಯಲ್ಲಿದ್ದ ಕರ್ಕ್‌ಪ್ಯಾಟ್ರಿಕ್ ಎಂಬ ವೈದ್ಯ ಅಲ್ಲಿ ಹಬ್ಬಿದ ಇಂಥ ಚುಕ್ಕೆಗಣ್ಣಿನ ಪಿಡುಗನ್ನು 1920ರಲ್ಲೇ ಬರೆದಿಟ್ಟ. ಕಾರಣವಾದ ಅಡಿನೊ ವೈರಸ್ ಎಂಬ ಬಳಗ ಕೈಗೆ ಸಿಕ್ಕಿದ್ದು 1953ರಲ್ಲಿ. (ಎಲ್ಲ ಕೆಂಗಣ್ಣೂ ಇದರಿಂದಲೇ ಬರುವುದಿಲ್ಲ, ಎಂಟೆರೊ ವೈರಸ್‌ಗಳು ತರುವ ಕೆಂಗಣ್ಣೂ ಉಂಟು, ಅದು ಬೇಗ ಬಂದು ಬೇಗ ಹೋಗುತ್ತದೆ.) ಚುಕ್ಕೆಗಳ ಬಗ್ಗೆ ವೈದ್ಯರು ಸಾಮಾನ್ಯವಾಗಿ ಒಪ್ಪಿರುವ ವಿವರಣೆ ಇದು: ಜೀವಂತ ವೈರಸ್ ಹೋಗಿರುತ್ತದೆ, ಅದರ ಪ್ರೋಟೀನಿನ ಚೂರುಗಳು ಕಾರ್ನಿಯಾದಲ್ಲಿ ಸಿಕ್ಕಿಕೊಂಡಿರುತ್ತವೆ, ಅವುಗಳನ್ನು ಗುರುತಿಸಿದ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಗುಂಪುಗೂಡುತ್ತವೆ. ಚುಕ್ಕೆ ಎಂದರೆ ಈ ಗುಂಪೇ. ಸೈಕ್ಲೋಸ್ಪೋರಿನ್ ಮತ್ತು ಟ್ಯಾಕ್ರೋಲಿಮಸ್ ಎಂಬ ಮದ್ದುಗಳು ಕೆಲಸ ಮಾಡುವುದು ಇಲ್ಲಿ. ಮೊದಲನೆಯದು ನಾರ್ವೆಯ ಹಾರ್ಡಂಗರ್ ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಬೂಷ್ಟಿನಲ್ಲಿ ಸಿಕ್ಕಿದ್ದು, 1972ರಲ್ಲಿ ಬಾಸೆಲ್ ನಗರದ ಸ್ಯಾಂಡೋಸ್ ಕಂಪನಿಯಲ್ಲಿ ಅದರ ಗುಣ ತಿಳಿಯಿತು. ಎರಡನೆಯದು ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ 1984ರಲ್ಲಿ ಬಂತು. ಇವೆರಡೂ ಟಿ-ಕಣ ಎಂಬ ಬಿಳಿ ರಕ್ತಕಣಗಳೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತವೆ. ಅದನ್ನು ತಡೆದರೆ ಟಿ-ಕಣ ತನ್ನ ಸಂಗಾತಿಗಳನ್ನು ಕರೆಯುವ ರಾಸಾಯನಿಕ ಸಂದೇಶವನ್ನು ಹೊರಡಿಸುವುದಿಲ್ಲ. ಕಣ ಸಾಯುವುದಿಲ್ಲ, ಅದರ ನೆನಪೂ ಅಳಿಯುವುದಿಲ್ಲ, ಕೂಗು ಮಾತ್ರ ನಿಲ್ಲುತ್ತದೆ. ಈ ಒಂದು ವಿವರವನ್ನು ಓದುಗರು ಮರೆಯಬಾರದು, ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಮೊದಲ ಆಕ್ಷೇಪ ನಮ್ಮೂರುಗಳಲ್ಲಿ ತೀರಾ ಪರಿಚಿತವಾದದ್ದು. ದೇಹಕ್ಕೆ ತನ್ನದೇ ವಿವೇಕವಿದೆ, ಬಾವು ಬರುವುದೂ ಜ್ವರ ಬರುವುದೂ ಅದರ ಉಪಾಯ, ಅದಕ್ಕೆ ಅಡ್ಡ ಹೋಗಬಾರದು, ನಂದಿಬಟ್ಟಲ ಹೂವಿನ ತಂಪು ಕೊಟ್ಟು ಸುಮ್ಮನಿದ್ದರೆ ಸಾಕು ಎನ್ನುವುದು. ಇದರಲ್ಲಿ ಅರ್ಧ ಸತ್ಯವಿದೆ. ಮದ್ರಾಸ್ ಐ ಬಂದ ಬಹುಪಾಲು ಜನರಿಗೆ ಯಾವ ಮದ್ದೂ ಬೇಡ, ಕಾಯಿಲೆ ತಾನಾಗಿ ಹೋಗುತ್ತದೆ. ಚುಕ್ಕೆಗಳು ಕೂಡ, ನೋಟಕ್ಕೆ ತೊಂದರೆ ಕೊಡದಿದ್ದರೆ, ಹಾಗೇ ಬಿಡಬೇಕಾದವು. ಆದರೆ ದೇಹದ ವಿವೇಕ ಎಂದು ನಾವು ಕರೆಯುವುದಕ್ಕೆ ಕಾಣುವುದು, ಓದುವುದು, ಮಗುವಿನ ಮುಖ ಗುರುತಿಸುವುದು ಇವೇನೂ ಗೊತ್ತಿಲ್ಲ. ಹೊರಗಿನದು ಎಂದು ಗುರುತಾದದ್ದನ್ನು ಸುತ್ತುಗಟ್ಟುವುದಷ್ಟೇ ಅದಕ್ಕೆ ಗೊತ್ತು. ಚರ್ಮದಲ್ಲಿ ಹಾಗೆ ಸುತ್ತುಗಟ್ಟಿದರೆ ಒಂದು ಗುಳ್ಳೆಯಾಗಿ ಮುಗಿಯುತ್ತದೆ, ಕಾರ್ನಿಯಾದಲ್ಲಿ ಸುತ್ತುಗಟ್ಟಿದರೆ ನೋಟವೇ ಮುಚ್ಚುತ್ತದೆ. ಸ್ವಾರಸ್ಯವೆಂದರೆ, ಈ ಅಪಾಯ ದೇಹಕ್ಕೇ ಗೊತ್ತಿದ್ದಂತಿದೆ. ಕಣ್ಣಿನ ಒಳಗೆ ಪರಕೀಯ ಅಂಗಾಂಶ ಇಟ್ಟರೂ ತಿರಸ್ಕಾರ ತಡವಾಗುತ್ತದೆ ಎಂಬುದನ್ನು ಪೀಟರ್ ಮೆಡಾವರ್ 1948ರಲ್ಲಿ ಗಮನಕ್ಕೆ ತಂದ. ರಕ್ತನಾಳವಿಲ್ಲದ ಕಾರ್ನಿಯಾ, ಎಚ್ಚರಿಕೆಯ ಕಣಗಳು ವಿರಳವಾದ ಅದರ ನಡುಭಾಗ, ಒಳದ್ರವದಲ್ಲಿರುವ ಶಮನಕಾರಿ ಅಂಶಗಳು ಇವೆಲ್ಲ ಸೇರಿ ಕಣ್ಣನ್ನು ರೋಷಕ್ಕೆ ಸುಲಭದಲ್ಲಿ ಎಡೆಕೊಡದ ಜಾಗವನ್ನಾಗಿ ಮಾಡಿವೆ. ಅಂದ ಮೇಲೆ ಹನಿ ಹಾಕಿ ಅಡಗಿಸುವವನು ಪ್ರಕೃತಿಗೆ ಎದುರು ನಿಂತಿಲ್ಲ. ಕಣ್ಣು ತನ್ನ ಪಾಡಿಗೆ ಪಾಲಿಸುತ್ತಿದ್ದ ನಿಯಮ ಒಂದು ಪಿಡುಗಿನಲ್ಲಿ ಮುರಿದುಬಿದ್ದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತಿದ್ದಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ಪ್ರಕೃತಿಯ ಭಕ್ತರಿಂದಲ್ಲ, ಜೈನ ಕರ್ಮಶಾಸ್ತ್ರದಿಂದ. ಕೋಲಾರಕ್ಕೆ ಈ ಶಾಸ್ತ್ರ ಹೊರಗಿನದಲ್ಲ. ಗಂಗರ ಮೊದಲ ರಾಜಧಾನಿ ಕುವಲಾಲ ಇಂದಿನ ಕೋಲಾರವೇ, ತಲಕಾಡು ಆಮೇಲಿನದು. ಗಂಗ ದೊರೆ ದುರ್ವಿನೀತನಿಗೆ ಗುರುವಾಗಿದ್ದನೆಂದು ಪರಂಪರೆ ಹೇಳುವ ಪೂಜ್ಯಪಾದ, ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಅಡಗಿಸುವುದಕ್ಕೂ ಅಳಿಸುವುದಕ್ಕೂ ಇರುವ ಭೇದವನ್ನು ನೀರಿನ ದೃಷ್ಟಾಂತದಿಂದ ವಿವರಿಸಿದ್ದಾನೆ. ಕದಡಿದ ನೀರಿಗೆ ಕತಕ, ಅಂದರೆ ಚಿಲ್ಲದ ಬೀಜ, ತೇಯ್ದು ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ಮೇಲಿನ ನೀರು ತಿಳಿಯಾಗುತ್ತದೆ, ಇದು ಉಪಶಮ. ಆ ತಿಳಿನೀರನ್ನೇ ಬೇರೆ ಶುದ್ಧ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ತಪ್ಪುತ್ತದೆ, ಇದು ಕ್ಷಯ. ಮುಂದೆ ಚಾವುಂಡರಾಯನ ಕಾಲದಲ್ಲಿ ನೇಮಿಚಂದ್ರರು ರಚಿಸಿದ ಗೊಮ್ಮಟಸಾರದಲ್ಲಿ ಇದೇ ಭೇದ ಜೀವ ಏರುವ ಹದಿನಾಲ್ಕು ಗುಣಸ್ಥಾನಗಳ ಲೆಕ್ಕದಲ್ಲಿ ಮತ್ತೆ ಬರುತ್ತದೆ, 1359ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲೇ ವೃತ್ತಿ ಬರೆದ. ಎಂಟನೆಯ ಮೆಟ್ಟಿಲಿನಿಂದ ದಾರಿ ಎರಡಾಗುತ್ತದೆ. ಮೋಹವನ್ನು ಅಳಿಸುತ್ತ ಹೋಗುವವನು ಹತ್ತರಿಂದ ನೇರ ಹನ್ನೆರಡಕ್ಕೆ ಕಾಲಿಡುತ್ತಾನೆ, ಅವನಿಗೆ ಹಿಂದಿರುಗುವುದೆಂಬುದಿಲ್ಲ. ಅಡಗಿಸುತ್ತ ಹೋಗುವವನು ಹನ್ನೊಂದನ್ನು ಮುಟ್ಟುತ್ತಾನೆ, ಅಲ್ಲಿ ಅವನ ಮನಸ್ಸು ಹೊರನೋಟಕ್ಕೆ ಅರಹಂತನಷ್ಟೇ ನಿರ್ಮಲ, ಆದರೆ ಅಂತರ್ಮುಹೂರ್ತ ಕಳೆಯುವುದರೊಳಗೆ, ಅಂದರೆ ನಲವತ್ತೆಂಟು ನಿಮಿಷವೂ ತುಂಬುವ ಮುನ್ನ, ಅಡಗಿದ್ದ ಕಷಾಯ, ಅಂದರೆ ಕ್ರೋಧಾದಿ ವಿಕಾರ, ಎದ್ದು ಅವನನ್ನು ಕೆಳಗೆ ತರುತ್ತದೆ. ಬೀಳುವುದು ಅಲ್ಲಿ ಸಂಭವವಲ್ಲ, ನಿಯಮ.

ಈ ವಿವರಣೆಯನ್ನು ಓದಿದ ಕಣ್ಣಿನ ಡಾಕ್ಟರು ಯಾರೇ ಆಗಲಿ ಒಂದು ಕ್ಷಣ ನಿಲ್ಲುತ್ತಾರೆ. ಸ್ಟಿರಾಯ್ಡ್ ಹನಿ ಹಾಕಿದರೆ ಚುಕ್ಕೆಗಳು ಕೆಲವೇ ದಿನಗಳಲ್ಲಿ ಮಸುಕಾಗುತ್ತವೆ, ನೋಟ ತಿಳಿಯಾಗುತ್ತದೆ, ರೋಗಿ ಸಂತೋಷಪಡುತ್ತಾನೆ. ಹನಿ ನಿಲ್ಲಿಸಿದರೆ ಎಷ್ಟೋ ಜನರಲ್ಲಿ ಅವು ಅದೇ ಜಾಗದಲ್ಲಿ ಮರಳುತ್ತವೆ. ಮತ್ತೆ ಹನಿ, ಮತ್ತೆ ತಿಳಿ, ಮತ್ತೆ ಮರಳುವುದು. ಈ ಸುತ್ತಿನಲ್ಲಿ ತಿಂಗಳುಗಳು ಕಳೆದರೆ ಕಣ್ಣಿನೊಳಗಿನ ಒತ್ತಡ ಏರಿ ಗ್ಲಾಕೋಮಾ, ಮಸೂರ ಮಂಕಾಗಿ ಪೊರೆ ಎಂದು ಬೇರೆಯೇ ರೋಗಗಳು ಅಂಟಿಕೊಳ್ಳಬಹುದು. ಸೈಕ್ಲೋಸ್ಪೋರಿನ್ ಹನಿಗೆ ಆ ಎರಡು ದೋಷಗಳಿಲ್ಲ. ಹಾಕಿದಾಗ ಉರಿಯುತ್ತದೆ, ಕೆಲಸ ನಿಧಾನ, ಬೆಲೆಯೂ ಹೆಚ್ಚು. ಆದರೆ ಸ್ಟಿರಾಯ್ಡ್ ಬಿಡಲಾಗದೆ ಒದ್ದಾಡುತ್ತಿದ್ದ ಹಲವರಿಗೆ ಅದನ್ನು ಬಿಡಲು ಇದು ನೆರವಾಗಿದೆ ಎಂದು ಪ್ರಕಟವಾದ ವರದಿಗಳು ಹೇಳುತ್ತವೆ. ಒಣಗಣ್ಣಿಗೆಂದು 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹನಿಯನ್ನೇ ವೈದ್ಯರು ತಮ್ಮ ವಿವೇಚನೆಯಿಂದ ಈ ಚುಕ್ಕೆಗಳಿಗೂ ಬಳಸುತ್ತ ಬಂದಿದ್ದಾರೆ. ಆದರೂ ನಿಲ್ಲಿಸಿದ ಮೇಲೆ ಮರಳುವುದು ಇಲ್ಲಿಯೂ ಪೂರ್ತಿ ತಪ್ಪಿಲ್ಲ. ಹಾಗಾಗಿ ಆಕ್ಷೇಪಿಸುವವರು ಹೇಳಬಹುದು: ಕೆಸರು ತಳದಲ್ಲೇ ಇದೆ, ನಿಮ್ಮ ಮದ್ದು ಚಿಲ್ಲದ ಬೀಜಕ್ಕಿಂತ ಹೆಚ್ಚಲ್ಲ, ಅದನ್ನು ಚಿಕಿತ್ಸೆ ಎನ್ನುವುದು ಆತ್ಮವಂಚನೆ.

ಉತ್ತರಕ್ಕೆ ಅದೇ ಶಾಸ್ತ್ರದ ಬಳಿಗೆ ಮತ್ತೆ ಹೋಗಬೇಕು, ಏಕೆಂದರೆ ಅದು ಉಪಶಮವನ್ನು ಕೀಳಾಗಿಟ್ಟಿದೆ ಎಂಬುದು ಅರ್ಧ ಓದು. ಅನಾದಿಯಿಂದ ಮಿಥ್ಯಾದೃಷ್ಟಿಯಲ್ಲೇ ಇದ್ದ ಜೀವಕ್ಕೆ ಮೊಟ್ಟಮೊದಲು ದೊರೆಯುವ ಸಮ್ಯಕ್ತ್ವ, ಅಂದರೆ ಸರಿಯಾದ ದೃಷ್ಟಿ, ಯಾವುದು ಎಂದು ಕೇಳಿದರೆ ಗ್ರಂಥಗಳ ಉತ್ತರ ಒಂದೇ, ಉಪಶಮ ಸಮ್ಯಕ್ತ್ವ. ಕ್ಷಯದಿಂದ ಬರುವ ಅಳಿಯದ ಸಮ್ಯಕ್ತ್ವ ನೇರವಾಗಿ ಯಾರಿಗೂ ಸಿಗುವುದಿಲ್ಲ. ಮೊದಲು ಆ ದೃಷ್ಟಿಯನ್ನು ಮುಚ್ಚಿದ ದರ್ಶನಮೋಹ ಅಡಗಬೇಕು, ಆ ಸ್ವಲ್ಪ ಹೊತ್ತಿನ ತಿಳಿಯಲ್ಲಿ ಜೀವ ತನ್ನ ನಿಜವನ್ನು ಕಾಣಬೇಕು, ಅಲ್ಲಿಂದ ಕ್ಷಯೋಪಶಮ ಎಂಬ ನಡುವಿನ ಸ್ಥಿತಿಗೆ ಬರಬೇಕು, ಅಂದರೆ ಕೆಲವಷ್ಟು ಸವೆಯುತ್ತ ಕೆಲವಷ್ಟು ಅಡಗಿಯೇ ಇರುವ ಸ್ಥಿತಿಗೆ, ಆಮೇಲಷ್ಟೇ ಕ್ಷಯದ ಮಾತು. ಉಪಶಮ ಕೊನೆಯ ಮೆಟ್ಟಿಲಾಗಲಾರದು ಎಂದು ಶಾಸ್ತ್ರ ಹೇಳುತ್ತದೆಯೇ ಹೊರತು ಮೆಟ್ಟಿಲೇ ಅಲ್ಲ ಎಂದು ಹೇಳುವುದಿಲ್ಲ. ಕಣ್ಣಿನ ಚುಕ್ಕೆಗಳ ಚಿಕಿತ್ಸೆಗೆ ಸರಿಯಾಗಿ ಹೊಂದುವುದು ಈ ನಡುವಿನ ಸ್ಥಿತಿ ಎಂದು ನನಗೆ ತೋರುತ್ತದೆ. ವೈರಸ್ಸಿನ ಚೂರುಗಳನ್ನು ಹೊಸದಾಗಿ ತಯಾರಿಸುವವರು ಯಾರೂ ಅಲ್ಲಿ ಉಳಿದಿಲ್ಲ, ಇದ್ದದ್ದು ದಿನಕಳೆದಂತೆ ಸವೆಯುತ್ತದೆ; ಚಿಕಿತ್ಸೆಯಿಲ್ಲದೆಯೂ ಚುಕ್ಕೆಗಳು ಕೊನೆಗೆ ಕರಗುವುದು ಅದಕ್ಕೇ. ಸವೆಯುವ ಕೆಲಸ ದೇಹದ್ದು, ಅಷ್ಟು ದಿನ ಕೂಗಾಟ ಅಡಗಿಸಿ ನೋಟವನ್ನು ಕಾಪಾಡುವ ಕೆಲಸ ಹನಿಯದು. ಬೇರನ್ನೇ ಕೀಳಬೇಕು ಎಂದು ಹಟ ಹಿಡಿಯುವವರು ಇಲ್ಲಿ ಕೀಳುವುದು ಏನನ್ನು? ವೈರಸ್ಸನ್ನು ಕೊಲ್ಲುವ ಮದ್ದು ಈ ಹಂತದಲ್ಲಿ ಕೊಲ್ಲಲು ಏನೂ ಸಿಗದೆ ಸುಮ್ಮನಾಗುತ್ತದೆ. ಉಳಿದಿರುವ ಬೇರು ನಮ್ಮದೇ ರಕ್ಷಣೆಯ ನೆನಪು, ಅದನ್ನು ಕಿತ್ತರೆ ಮುಂದಿನ ಪಿಡುಗಿಗೆ ಎದೆಯೊಡ್ಡುವವರು ಇರುವುದಿಲ್ಲ. ಅಳಿಸಬಾರದ್ದನ್ನು ಅಡಗಿಸಿಯೇ ಇಡಬೇಕು.

ಇಲ್ಲಿಗೆ ಹೋಲಿಕೆ ತನ್ನ ಗಡಿ ಮುಟ್ಟಿತು. ಜಾಣ ಓದುಗರು ಆಗಲೇ ಕೇಳಿರುತ್ತಾರೆ: ಜೈನರು ಅಡಗಿಸುವುದು ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳನ್ನು, ಅವು ಕೆಟ್ಟವು, ರೋಗನಿರೋಧಕ ಶಕ್ತಿ ಒಳ್ಳೆಯದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಹೇಗೆ? ನ್ಯಾಯವಾದ ಪ್ರಶ್ನೆ. ಅದಕ್ಕೆ ಕರ್ಮಶಾಸ್ತ್ರಕ್ಕಿಂತ ಶ್ರಾವಕಾಚಾರ ಹೆಚ್ಚು ನೆರವಿಗೆ ಬರುತ್ತದೆ. ಗೃಹಸ್ಥನ ಹಿಂಸೆಯನ್ನು ಅದು ನಾಲ್ಕಾಗಿ ವಿಂಗಡಿಸುತ್ತದೆ: ಬೇಕೆಂದೇ ಮಾಡುವ ಸಂಕಲ್ಪಿ, ಅಡುಗೆ ಮನೆಗೆಲಸದಲ್ಲಿ ಆಗುವ ಆರಂಭಿ, ಬೇಸಾಯ ವ್ಯಾಪಾರದಲ್ಲಿ ಆಗುವ ಉದ್ಯೋಗಿ, ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ವಿರೋಧಿ. ಗೃಹಸ್ಥ ಪೂರ್ತಿ ಬಿಡಬೇಕಾದದ್ದು ಮೊದಲನೆಯದನ್ನು. ವಿರೋಧಿ ಹಿಂಸೆಗೆ ಅವನಿಗೆ ಎಡೆಯಿದೆ, ಇಲ್ಲದಿದ್ದರೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಾಗಿದ್ದುಕೊಂಡು ಶ್ರಾವಕನೂ ಆಗಿರುವುದು ಸಾಧ್ಯವಿರಲಿಲ್ಲ. ಆದರೆ ಆ ಎಡೆಗೆ ಒಂದು ಕಟ್ಟು ಇದೆ: ಮೇಲೆ ಬಿದ್ದವನು ಇರಬೇಕು. ಅವನು ಹೋದ ಮೇಲೂ ಎತ್ತಿದ ಕತ್ತಿಯನ್ನು ಬೀಸುತ್ತಲೇ ಇದ್ದರೆ ಅದು ರಕ್ಷಣೆಯಾಗಿ ಉಳಿಯದು, ಬೀಸುವವನು ಅದೇ ಆಳು, ಅದೇ ಕತ್ತಿಯಾದರೂ. ರಕ್ಷಣೆಗೆ ಒಳ್ಳೆಯತನ ಬರುವುದು ಅದರ ಹುಟ್ಟಿನಿಂದಲ್ಲ, ಎದುರಿಗಿರುವ ಅಪಾಯದಿಂದ. ಖಾಲಿ ಕಾರ್ನಿಯಾದಲ್ಲಿ ಜಮಾಯಿಸಿದ ಬಿಳಿ ಕಣಗಳಿಗೆ ಈ ಮಾತು ಅನ್ವಯಿಸಿದರೆ ಅವುಗಳನ್ನು ಅಡಗಿಸುವುದು ದ್ರೋಹವಾಗುವುದಿಲ್ಲ.

ದಾನದ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ, ಅದನ್ನು ನಾವು ಯಾರೂ ಪ್ರಶ್ನಿಸುವುದಿಲ್ಲ. ಗಡಿಯಾಚೆಯ ಶ್ರೀಕಾಳಹಸ್ತಿಯಲ್ಲಿ ಶಿವನಿಗೆ ಕಣ್ಣು ಕೊಟ್ಟ ಬೇಡರ ಕಣ್ಣಪ್ಪನ ಕಥೆ ಕೋಲಾರ ಸೀಮೆಯ ಮನೆಮನೆಗೂ ಗೊತ್ತು. ಅವನ ಪಾತ್ರ ಮಾಡಿ 1954ರಲ್ಲಿ ನಾಯಕನಟರಾದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಕಣ್ಣು ಕೊಟ್ಟು ಹೋದರು. 2021ರಲ್ಲಿ ಅವರ ಮಗ ಪುನೀತ್ ತೀರಿಕೊಂಡಾಗ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಲಾಯಿತು. ಇನ್ನೊಬ್ಬರ ಕಾರ್ನಿಯಾ ನಮ್ಮಲ್ಲಿ ನೆಲೆಯೂರಬೇಕಾದರೆ ನಮ್ಮ ರೋಗನಿರೋಧಕ ಶಕ್ತಿ ಅಡಗಿರಲೇಬೇಕು. ಅದಕ್ಕೆ ಸ್ಟಿರಾಯ್ಡ್ ಹನಿ, ತಿರಸ್ಕಾರದ ಅಪಾಯ ಹೆಚ್ಚಿರುವ ಕಡೆ ಇದೇ ಸೈಕ್ಲೋಸ್ಪೋರಿನ್. ಕೊಟ್ಟದ್ದನ್ನು ಉಳಿಸಿಕೊಳ್ಳಲು ಮಾಡುವ ನಿಗ್ರಹ ಪುಣ್ಯವಾದರೆ, ಇದ್ದದ್ದನ್ನು ಉಳಿಸಿಕೊಳ್ಳಲು ಮಾಡುವ ನಿಗ್ರಹ ಪಾಪವಾಗುವುದು ಹೇಗೆಂದು ನನಗಂತೂ ತಿಳಿಯದು. ಕಾಯಿಲೆ ಕರ್ಮದ ಫಲ, ಉಂಡೇ ತೀರಿಸಬೇಕು ಎನ್ನುವವರಿಗೆ ಉದ್ದದ ಉತ್ತರ ಬೇಕಿಲ್ಲ. ಕರ್ಮವನ್ನು ಅಣು ಅಣುವಾಗಿ ಲೆಕ್ಕ ಹಾಕಿದ ಗೊಮ್ಮಟಸಾರವೇ ಅದರ ಹತ್ತು ಕರಣಗಳನ್ನು ಹೇಳುವಾಗ ಬಂಧ ಉದಯಗಳ ಜೊತೆಗೆ ಉದೀರಣೆ, ಅಪಕರ್ಷಣ, ಉಪಶಮಗಳನ್ನೂ ಸೇರಿಸಿದೆ. ಜೀವದ ಪ್ರಯತ್ನದಿಂದ ಕರ್ಮದ ಹೊತ್ತೂ ಕಾವೂ ಬದಲಾಗುತ್ತದೆ ಎಂಬುದು ಆ ಲೆಕ್ಕದ ಅಂಗ.

ಇಷ್ಟು ಹೇಳಿದ ಮೇಲೆ, ಅಡಗಿಸುವುದನ್ನು ಸಮರ್ಥಿಸುವವರ ಮೇಲೆ ಒಂದು ಹೊಣೆ ಬೀಳುತ್ತದೆ, ಮತ್ತು ಅದು ಇಡೀ ವಾದದಲ್ಲಿ ಭಾರವಾದ ಭಾಗ. ವೈರಿ ಹೋಗಿದೆ ಎಂಬುದು ಖಚಿತವಾಗಿರಬೇಕು. ಮೊಲಗಳ ಕಣ್ಣಿನಲ್ಲಿ ಅಡಿನೊ ವೈರಸ್ ಸೋಂಕು ತರಿಸಿ, ಅದು ಇನ್ನೂ ಬಿಸಿಯಿರುವಾಗಲೇ ಸೈಕ್ಲೋಸ್ಪೋರಿನ್ ಹನಿ ಹಾಕಿ ನೋಡಿದ ಪ್ರಯೋಗಗಳಿವೆ. ಚುಕ್ಕೆಗಳೇನೋ ತಡೆದವು, ಆದರೆ ವೈರಸ್ ಹೆಚ್ಚು ದಿನ ಕಣ್ಣಿನಿಂದ ಹೊರಬೀಳುತ್ತಿತ್ತು. ಒಬ್ಬ ಮನುಷ್ಯನ ವಿಷಯದಲ್ಲಿ ಇದರ ಅರ್ಥ, ಅವನ ಕಣ್ಣು ಮನೆಯವರಿಗೆ ಇನ್ನಷ್ಟು ದಿನ ಕಾಯಿಲೆ ಹಂಚುತ್ತದೆ ಎಂದು. ಹರ್ಪಿಸ್ ವೈರಸ್ಸಿನದು ಇನ್ನೂ ಗಂಭೀರ. ಅದು ಒಮ್ಮೆ ಹೊಕ್ಕರೆ ಮುಖದ ನರಗಂಟಿನಲ್ಲಿ ಜೀವಮಾನವೆಲ್ಲ ಅಡಗಿರುತ್ತದೆ, ಅಲ್ಲಿ ಕ್ಷಯವೆಂಬುದೇ ಇಲ್ಲ. ಕಾರ್ನಿಯಾದ ಮೇಲ್ಪದರದಲ್ಲಿ ಅದು ಕೊಂಬೆಕೊಂಬೆಯಾಗಿ ಹುಣ್ಣು ಮಾಡುತ್ತಿರುವಾಗ ಬರೀ ಸ್ಟಿರಾಯ್ಡ್ ಹಾಕಿದರೆ ಹುಣ್ಣು ಹರಡಿ ಕಣ್ಣೇ ಹೋಗಬಹುದು. ಅದೇ ವೈರಸ್ ಒಳಪದರದಲ್ಲಿ ಬಾವು ಎಬ್ಬಿಸಿದಾಗ, ವೈರಸ್ ನಿಗ್ರಹದ ಮದ್ದಿನ ರಕ್ಷಣೆಯಡಿ ಸ್ಟಿರಾಯ್ಡ್ ಕೊಟ್ಟರೆ ಬಾವು ಉಳಿಯುವ ಅಥವಾ ಉಲ್ಬಣಿಸುವ ಅಪಾಯ ಶೇಕಡಾ 68ರಷ್ಟು ಇಳಿಯಿತೆಂದು 1994ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಮುಂದೆ 1998ರಲ್ಲಿ ಅದೇ ತಂಡ, ಅಸೈಕ್ಲೋವಿರ್ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ವರ್ಷವಿಡೀ ಕೊಟ್ಟಾಗ ಕಾಯಿಲೆ ಮರಳುವುದು ಶೇಕಡಾ 32ರಿಂದ 19ಕ್ಕೆ ಇಳಿದದ್ದನ್ನು ವರದಿ ಮಾಡಿತು. ಒಂದೇ ವೈರಸ್, ಒಂದೇ ಕಣ್ಣು, ಅಡಗಿಸುವುದು ಒಂದು ಪದರದಲ್ಲಿ ವಿಷ, ಇನ್ನೊಂದರಲ್ಲಿ ಮದ್ದು. ಯಾವ ಪದರ ಎಂದು ಹೇಳಬಲ್ಲದ್ದು ಸ್ಲಿಟ್ ಲ್ಯಾಂಪು, ಮೆಡಿಕಲ್ ಸ್ಟೋರಿನ ಕೌಂಟರಲ್ಲ. ಕರ್ನಾಟಕದಲ್ಲಿ 2023ರ ಮಳೆಗಾಲದಲ್ಲಿ ಕೆಂಗಣ್ಣು ಹಬ್ಬಿದಾಗ, ಡಾಕ್ಟರನ್ನು ಕೇಳದೆ ಹನಿ ಕೊಂಡು ಹಾಕಿಕೊಳ್ಳಬೇಡಿ ಎಂದು ಮತ್ತೆ ಮತ್ತೆ ಸಾರಬೇಕಾಗಿ ಬಂದದ್ದು ಇದಕ್ಕೆ. ಯಲ್ದೂರಿನವರಿಗೆ ಆ ಸ್ಲಿಟ್ ಲ್ಯಾಂಪು ಎಂದರೆ ಕೋಲಾರದ ಬಸ್ಸು, ಒಂದು ದಿನದ ಕೂಲಿ; ಹಾಗಿರುವಾಗ ಅಂಗಡಿಯವನು ಕೊಟ್ಟ ಹನಿಯಲ್ಲಿ ಕೆಂಪು ಒಂದೇ ರಾತ್ರಿಗೆ ಇಳಿಯುವುದು ಪವಾಡದಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅವರ ಅಜ್ಞಾನವನ್ನು ಹಳಿಯುವುದಕ್ಕಿಂತ ಸ್ಲಿಟ್ ಲ್ಯಾಂಪು ತಾಲ್ಲೂಕಿನೊಳಗೆ ಸಿಗುವಂತೆ ಮಾಡುವುದು ಹೆಚ್ಚು ಉಪಯೋಗದ ಕೆಲಸ.

ಹಾಗಾದರೆ ಎಷ್ಟು ದಿನ? ಶುರುಮಾಡುವ ಮುಂಚೆಯೇ ಕೇಳಬೇಕಾದ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಸೀಸೆ ಮುಗಿದ ಮೇಲೆ ಕೇಳುತ್ತಾರೆ. ಉತ್ತರವನ್ನು ಮೊದಲೇ ಬರೆದಿಡಲಾಗದು. ವಾರಗಳಿಂದ ತಿಂಗಳುಗಳವರೆಗೆ ಹಾಕಿ, ದಿನಕ್ಕೆ ನಾಲ್ಕು ಸಲವಿದ್ದದ್ದನ್ನು ಮೂರಕ್ಕೆ, ಎರಡಕ್ಕೆ ಇಳಿಸುತ್ತ, ಪ್ರತಿ ಇಳಿಕೆಯಲ್ಲೂ ಡಾಕ್ಟರು ಚುಕ್ಕೆಗಳನ್ನು ನೋಡುತ್ತ ಹೋಗಬೇಕು. ಮರಳಿದರೆ ಔಷಧಿ ಸುಳ್ಳಾಯಿತೆಂದಲ್ಲ, ಸವೆಯಬೇಕಾದ್ದು ಇನ್ನೂ ಸವೆದಿಲ್ಲವೆಂದು. ಹನ್ನೊಂದರಿಂದ ಬಿದ್ದ ಜೀವ ಮತ್ತೆ ಏರಬಾರದೆಂದು ಶಾಸ್ತ್ರವೂ ಎಲ್ಲೂ ಹೇಳಿಲ್ಲ. ಮರಳದಿದ್ದರೆ ಹನಿಯನ್ನು ಬಿಡಬೇಕು, ಮಿಕ್ಕ ಸೀಸೆಯನ್ನು ಎಸೆಯಬೇಕು. ತೆರೆದ ಹನಿ ತಿಂಗಳಾಚೆ ಹೇಗೂ ಬಳಕೆಗೆ ಬಾರದು. ಎತ್ತಿಟ್ಟುಕೊಂಡರಂತೂ ಮುಂದಿನ ಮಳೆಗಾಲದಲ್ಲಿ ಮನೆಯ ಇನ್ನೊಬ್ಬರ ಕಣ್ಣು ಕೆಂಪಾದ ಮೊದಲ ದಿನವೇ, ವೈರಿ ಬಾಗಿಲಲ್ಲಿ ನಿಂತಿರುವಾಗಲೇ, ಯಾರೋ ಅದನ್ನು ಕೈಗೆತ್ತಿಕೊಳ್ಳುತ್ತಾರೆ.